ಬಾವಿ ನೋಡಿ, ಆಮೇಲೆ ರೂಮು ಎಣಿಸಿ

ಪ್ರಶ್ನೆ: ನಮ್ಮದು ಕಾರ್ಕಳದಿಂದ ಒಳಗಿನ ಊರು. ಹಳೆಯ ಗುತ್ತಿನ ಮನೆಯಲ್ಲಿ (ತುಳುನಾಡಿನ ಹಿರಿಯ ಮನೆತನದ ದೊಡ್ಡ ಮನೆ) ಹೋಂಸ್ಟೇ ಮಾಡಬೇಕೆಂದಿದ್ದೇವೆ, ಅಕ್ಕಪಕ್ಕದ ನಾಲ್ಕು ಮನೆಯವರೂ ತಯಾರಿದ್ದಾರೆ. ಮನೆ ಹಿಂದೆ ಪದವು (ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ ಬಯಲು), ಪಕ್ಕದಲ್ಲಿ ನಾಗಬನ, ಕೆಳಗೆ ತೋಡು (ಸಣ್ಣ ಹಳ್ಳ). ಪದವು ಸಮತಟ್ಟು ಮಾಡಿ ಪಾರ್ಕಿಂಗ್, ವ್ಯೂ ಪಾಯಿಂಟ್ ಮಾಡಿದರೆ ಜನ ಜಾಸ್ತಿ ಬರುತ್ತಾರೆ ಎಂದು ಒಬ್ಬರು ಪ್ಲಾನ್ ಕೊಟ್ಟಿದ್ದಾರೆ. ಊರು ಹಾಳಾಗಬಾರದು ಎನ್ನುವುದು ನಮ್ಮ ಆಸೆ. ಎಲ್ಲಿಂದ ಶುರು ಮಾಡುವುದು?

ಉತ್ತರ: ಬಾವಿಯಿಂದ. ಪ್ಲಾನ್ ಸದ್ಯಕ್ಕೆ ಬದಿಗಿಡಿ. ಮೇ ತಿಂಗಳಲ್ಲಿ ಒಂದು ದಿನ ಬೆಳಿಗ್ಗೆ ಪಂಪು ಹಾಕಿ, ನೀರು ಎಷ್ಟು ಇಳಿಯಿತು, ಮತ್ತೆ ಅಷ್ಟೇ ಮೇಲೆ ಬರಲು ಎಷ್ಟು ಹೊತ್ತು ಬೇಕಾಯಿತು ಎಂದು ಬರೆದಿಡಿ. ಐದೂ ಮನೆಯ ಬಾವಿಗೆ ಇದನ್ನು ಮಾಡಿ. ನಮ್ಮ ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿಲಿಮೀಟರ್ ಆಸುಪಾಸು ಮಳೆ ಬೀಳುತ್ತದೆ, ಆದರೆ ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಸಮುದ್ರ ಸೇರುತ್ತದೆ, ಏಪ್ರಿಲ್ ಬಂತೆಂದರೆ ಎಷ್ಟೋ ಊರುಗಳಲ್ಲಿ ಟ್ಯಾಂಕರ್ ಕಾಯುವ ಪರಿಸ್ಥಿತಿ.

ಒಂದು ಲೆಕ್ಕ ಹೇಳುತ್ತೇನೆ. ಜಲಜೀವನ್ ಯೋಜನೆಯಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು ಎಂದು ಹಿಡಿದಿದ್ದಾರೆ. ದೊಡ್ಡ ಪೇಟೆಗಳಿಗೆ ಹಿಡಿಯುವ ಲೆಕ್ಕ 135 ಲೀಟರ್. ನಿಮ್ಮಲ್ಲಿಗೆ ಬರುವವರು ಪೇಟೆಯ ಅಭ್ಯಾಸದವರೇ. ಆರು ರೂಮಿನಲ್ಲಿ ಹನ್ನೆರಡು ಜನ ಉಳಿದರೆ ದಿನಕ್ಕೆ 1,620 ಲೀಟರ್ ಆಯಿತು, ಅಂದರೆ ಊರಿನ 29 ಜನರ ಪಾಲಿನ ನೀರು! ಅದಕ್ಕೇ ಮೇ ತಿಂಗಳ ಬಾವಿ ಎಷ್ಟು ಜನರನ್ನು ತಾಳುತ್ತದೋ ಅಷ್ಟೇ ರೂಮು ಇಡಿ ಎನ್ನುವುದು. ಕುದುರೆಮುಖ ಶಿಖರ ಹತ್ತುವವರಿಗೂ ಅರಣ್ಯ ಇಲಾಖೆ ದಿನಕ್ಕೆ 300 ಜನ ಎಂದು ಮಿತಿ ಹಾಕಿದೆಯಲ್ಲ, ನೀವು ನಿಮ್ಮ ಊರಿಗೆ ಹಾಕಿಕೊಂಡರೆ ತಪ್ಪೇನೂ ಇಲ್ಲ.

ಇನ್ನು ಪದವು. ದಯವಿಟ್ಟು ಅದಕ್ಕೆ ಜೆಸಿಬಿ ತರಬೇಡಿ. ದಾಖಲೆಯಲ್ಲಿ ಅದು ಪಾಳು ಜಾಗ ಎಂದೇ ಇರಬಹುದು. ಆದರೆ ಮಳೆ ನೀರು ಆ ಮುರಕಲ್ಲಿನ ತೂತುಗಳಲ್ಲಿ ನಿಧಾನ ಇಳಿದು, ತಿಂಗಳುಗಟ್ಟಲೆ ಒಳಗೇ ನಡೆದು, ಕೆಳಗಿನ ನಿಮ್ಮ ಬಾವಿಗೂ ತೋಡಿಗೂ ಬರುತ್ತದೆ. ಮೇಲೆ ಇಂಟರ್‌ಲಾಕ್ ಹಾಸಿದರೆ ಆ ನೀರು ಒಂದೇ ಗಂಟೆಯಲ್ಲಿ ರಸ್ತೆಗೆ ಹರಿದು ಹೋಗುತ್ತದೆ. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಪದವಿನ ಮೇಲೆ ಬಗ್ಗಿ ನೋಡಿದ್ದೀರಾ? ಬೆರಳುದ್ದದ ಗಿಡಗಳಲ್ಲಿ ನೇರಳೆ, ಬಿಳಿ ಹೂ ತುಂಬಿರುತ್ತದೆ, ಅದರಲ್ಲಿ ಕೆಲವು ಸಣ್ಣ ಹುಳ ಹಿಡಿದು ತಿನ್ನುವ ಗಿಡಗಳು. ಅದನ್ನು ನೋಡಲು ಮಕ್ಕಳನ್ನು ಕರೆದುಕೊಂಡು ದೂರದಿಂದ ಬರುವವರಿದ್ದಾರೆ. ಪಾರ್ಕಿಂಗ್‌ಗೆ ಏಣೆಲು (ಮಳೆಗಾಲದ ಭತ್ತ) ಕೊಯ್ದು ಖಾಲಿ ಬಿದ್ದ ಗದ್ದೆ ಸಾಕು. ಭೂತಕೋಲಕ್ಕೆ ಬಂದವರ ಬೈಕು, ಕಾರು ನಿಲ್ಲುವುದು ಅಲ್ಲೇ ಅಲ್ವಾ? ಮಳೆಗಾಲಕ್ಕೆ ರಸ್ತೆ ಬದಿಯಲ್ಲಿ ನಾಲ್ಕು ಕಾರಿನ ಜಾಗ ಮಾಡಿಕೊಳ್ಳಿ.

ಮೊದಲ ವರ್ಷದ ಸಂಪಾದನೆಯಲ್ಲಿ ಸ್ವಲ್ಪ ತೆಗೆದು ತೋಡಿಗೆ ಕಟ್ಟ ಕಟ್ಟಿಸಿ. ಮಳೆ ನಿಂತ ಮೇಲೆ ಊರವರೆಲ್ಲ ಸೇರಿ ಕಲ್ಲು, ಮಣ್ಣು, ಸೊಪ್ಪು ಹಾಕಿ ತೋಡಿಗೆ ಕಟ್ಟ ಹಾಕುತ್ತಿದ್ದದ್ದು ನಿಮ್ಮ ಹಿರಿಯರಿಗೆ ಚೆನ್ನಾಗಿ ನೆನಪಿರುತ್ತದೆ. ಪಂಪು ಬಂದ ಮೇಲೆ ಎಷ್ಟೋ ಕಡೆ ನಿಂತು ಹೋಯಿತು. ಕಟ್ಟದಲ್ಲಿ ನೀರು ನಿಂತರೆ ಅಕ್ಕಪಕ್ಕದ ಬಾವಿಗಳೂ ಏರುತ್ತವೆ. ಆ ಕೆಲಸಕ್ಕೆ ಅತಿಥಿಗಳನ್ನೂ ಸೇರಿಸಿಕೊಳ್ಳಿ, ಖುಷಿಯಿಂದ ಕೆಸರಿಗೆ ಇಳಿಯುತ್ತಾರೆ.

ನಾಗಬನವನ್ನು ನೋಡುವ ಜಾಗಗಳ ಪಟ್ಟಿಗೆ ಸೇರಿಸಬೇಡಿ. ನಾನು ಚಿಕ್ಕಂದಿನಲ್ಲಿ ಕಂಡ ಒಂದು ಬನದಲ್ಲಿ ಸುರಹೊನ್ನೆ, ಬೈನೆ, ಬೆತ್ತ ಹೆಣೆದುಕೊಂಡು ಹಗಲಲ್ಲೂ ಕತ್ತಲೆ ಇರುತ್ತಿತ್ತು. ಈಗ ಅಲ್ಲಿ ಗ್ರಾನೈಟ್ ಕಟ್ಟೆ, ಸುತ್ತ ಟೈಲ್ಸ್, ಒಂದೇ ಒಂದು ಮರ. ಭಕ್ತಿಯಿಂದಲೇ ಮಾಡಿಸಿದ್ದು, ಆದರೆ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ನಿಮ್ಮ ಬನ ಇದ್ದ ಹಾಗೆಯೇ ಇರಲಿ.

ಮನೆಯ ಬಗ್ಗೆ: ಚಾವಡಿ ಒಡೆದು ಬಾತ್‌ರೂಮ್ ಮಾಡಬೇಡಿ, ಹಿಂಬದಿಗೆ ಬೇರೆಯಾಗಿ ಕಟ್ಟಿ. ಮುರಕಲ್ಲಿನಲ್ಲಿ ಮಳೆ ನೀರು ಇಳಿದ ಹಾಗೆ ಕೊಳಕು ನೀರೂ ಇಳಿಯುತ್ತದೆ. ಆದ್ದರಿಂದ ಟಾಯ್ಲೆಟ್ ಗುಂಡಿ ಬಾವಿಯಿಂದ ದೂರ, ತಗ್ಗಿನ ಬದಿಗೇ ಇರಬೇಕು. ಇದರಲ್ಲಿ ಮಾತ್ರ ರಾಜಿ ಬೇಡ. ಕಾಗದಪತ್ರ ವಿಷಯಕ್ಕೆ ಬಂದರೆ, ಪ್ರವಾಸೋದ್ಯಮ ಇಲಾಖೆಯ ನೋಂದಣಿ ಮಾಡಿಸಿ, ಪಂಚಾಯತಿಗೆ ತಿಳಿಸಿ, ಊಟ ಕೊಡುವುದಾದರೆ ಆಹಾರ ಸುರಕ್ಷತೆ ನೋಂದಣಿಯೂ ಬೇಕು. ಕೇಂದ್ರದ ಹೋಂಸ್ಟೇ ಯೋಜನೆಯಲ್ಲಿ ಆರು ರೂಮು, ಹನ್ನೆರಡು ಹಾಸಿಗೆಯೇ ಮಿತಿ, ಮನೆಯವರು ಅಲ್ಲೇ ವಾಸ ಇರಬೇಕು. ವಿದೇಶದವರು ಉಳಿದರೆ 24 ಗಂಟೆಯೊಳಗೆ ಅವರ ವಿವರವನ್ನು ವಿದೇಶಿಯರ ನೋಂದಣಿ ಕಚೇರಿಗೆ ಸಲ್ಲಿಸಿ. ನಿಮ್ಮ ಜಾಗ ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಬಸದಿ ಅಥವಾ ದೇವಸ್ಥಾನದ ಹತ್ತಿರ ಇದ್ದರೆ, ಮೊದಲ 100 ಮೀಟರ್‌ನಲ್ಲಿ ಹೊಸ ಕಟ್ಟಡ ಕಟ್ಟುವ ಹಾಗಿಲ್ಲ, ಅದರಾಚೆ 200 ಮೀಟರ್‌ಗೆ ಅನುಮತಿ ಬೇಕು.

ಪ್ರಶ್ನೆ: ಹೋಂಸ್ಟೇಗೆ ಬಂದವರು "ಭೂತಕೋಲ ತೋರಿಸಿ, ಎಷ್ಟಾದರೂ ಕೊಡುತ್ತೇವೆ" ಎನ್ನುತ್ತಾರೆ. ಮಳೆಗಾಲದಲ್ಲೂ ಕೇಳುತ್ತಾರೆ. ಏನು ಹೇಳುವುದು? (ಬ್ರಹ್ಮಾವರದಿಂದ)

ಉತ್ತರ: ದುಡ್ಡಿಗೆ ಕೋಲ ಇಲ್ಲ ಎಂದು ನೇರ ಹೇಳಿ, ಅದಕ್ಕೆ ಮುಜುಗರ ಯಾಕೆ? ದೈವಕ್ಕೆ ಒಂದು ಮನೆತನ, ಒಂದು ಊರು, ಒಂದು ದಿನ ಅಂತ ಇದೆ. ಬೇಶ ತಿಂಗಳ ಹತ್ತನೇ ದಿನ, ಅಂದರೆ ಮೇ 24ರ ಹೊತ್ತಿಗೆ ಪತ್ತನಾಜೆ ಬಂತೆಂದರೆ ಕೋಲ, ನೇಮ, ಯಕ್ಷಗಾನ ಮೇಳದ ಆಟ ಎಲ್ಲದಕ್ಕೂ ವಿರಾಮ. ಇದನ್ನೇ ಅವರಿಗೆ ಕೂತು ವಿವರಿಸಿ. ಕೇಳಿಸಿಕೊಂಡವರಲ್ಲಿ ಹೆಚ್ಚಿನವರು ಅರ್ಥ ಮಾಡಿಕೊಳ್ಳುತ್ತಾರೆ.

ಅವರು ಇರುವಾಗಲೇ ಊರಲ್ಲಿ ಕೋಲ ಇದ್ದರೆ, ನಡೆಸುವ ಮನೆಯವರನ್ನೂ ದೈವ ಕಟ್ಟುವವರನ್ನೂ ಮೊದಲೇ ಕೇಳಿ. ಅವರು ಒಪ್ಪಿದರೆ ಕರೆದುಕೊಂಡು ಹೋಗಿ. ಊರವರ ಜೊತೆ ಹಿಂದೆ ಕೂರಲಿ, ಊಟ ಮಾಡಲಿ, ಮೊಬೈಲ್ ಜೇಬಿನಲ್ಲಿರಲಿ. ಬಣ್ಣ ಹಚ್ಚುವ ಜಾಗಕ್ಕೆ ಕ್ಯಾಮೆರಾ ಹಿಡಿದು ನುಗ್ಗುವುದನ್ನು ನಾನೇ ಕಂಡಿದ್ದೇನೆ, ದೈವ ಕಟ್ಟುವ ಹಿರಿಯರು ಏನೂ ಹೇಳದೆ ಮುಖ ತಿರುಗಿಸಿಕೊಂಡರು. ನೋಡಿ ಬಹಳ ಬೇಸರವಾಯಿತು. ಕುಣಿತ, ವೇಷ ನೋಡಬೇಕೆನ್ನುವವರಿಗೆ ಯಕ್ಷಗಾನದ ಹರಕೆ ಆಟ ಇದೆಯಲ್ಲ! ಬಯಲಲ್ಲಿ ನಡೆಯುತ್ತದೆ, ಯಾರು ಬೇಕಾದರೂ ಬರಬಹುದು. ಒಂದು ಚಾಪೆ ಕೊಟ್ಟು ಕಳಿಸಿ, ಪ್ರಸಂಗದ ಕಥೆ ಮೊದಲೇ ಹೇಳಿ.

ಪ್ರಶ್ನೆ: ನಮ್ಮ ಕುದ್ರುವಿನ (ಹೊಳೆಯ ನಡುಗಡ್ಡೆ) ಅಂಚಿನಲ್ಲಿ ಕಾಂಡ್ಲ (ಮ್ಯಾಂಗ್ರೋವ್) ಕಡಿದು ಕಯಾಕ್‌ಗೆ ಜಟ್ಟಿ ಮಾಡಬಹುದಾ?

ಉತ್ತರ: ಬೇಡ. ಕಾಂಡ್ಲ ಕಾಡು ಕರಾವಳಿ ನಿಯಂತ್ರಣ ವಲಯದಲ್ಲಿ ಅತಿ ಸೂಕ್ಷ್ಮ ವರ್ಗಕ್ಕೆ ಬರುತ್ತದೆ. 1,000 ಚದರ ಮೀಟರ್‌ಗಿಂತ ದೊಡ್ಡದಿದ್ದರೆ ಸುತ್ತ 50 ಮೀಟರ್ ಜಾಗಕ್ಕೂ ರಕ್ಷಣೆ ಇದೆ. ಕಾನೂನು ಹಾಗಿರಲಿ, ಕಾಂಡ್ಲ ಹೋದರೆ ದಂಡೆ ಕೊರೆದು ಕುದ್ರುವೇ ಸಣ್ಣದಾಗುತ್ತದೆ, ಬೇರಿನ ಸಂದಿಯಲ್ಲಿ ಬೆಳೆಯುವ ಸಿಗಡಿ, ಏಡಿ, ಮೀನಿನ ಮರಿಗಳಿಗೆ ಜಾಗ ಇರುವುದಿಲ್ಲ. ನಿಮ್ಮ ಹಳೆಯ ದೋಣಿ ನಿಲ್ಲುವ ಕಡವು ಇರಬೇಕಲ್ಲ, ಅಲ್ಲಿಂದಲೇ ಇಳಿಸಿ. ಭರತ (ಸಮುದ್ರದ ಉಬ್ಬರ) ಏರುವಾಗ ಹೊರಟು ಇಳಿತಕ್ಕೆ ಮೊದಲು ವಾಪಸ್ ಬಂದರೆ ಕಯಾಕ್ ಕೆಸರಲ್ಲಿ ಸಿಕ್ಕಿಕೊಳ್ಳುವುದಿಲ್ಲ, ಬೇರಿಗೆ ಹುಟ್ಟು ಬಡಿಯುವುದೂ ಇಲ್ಲ. ಭರತದ ಸಮಯ ನಿಮ್ಮೂರಿನ ಮರುವಾಯಿ (ಚಿಪ್ಪುಮೀನು) ಹೆಕ್ಕುವವರನ್ನು ಕೇಳಿ, ಅವರಿಗೆ ಬಾಯಿಪಾಠ.