ಇಬ್ಬರ ಕೈಯಲ್ಲೂ ಬೈಬಲ್ಲೇ

ಪ್ರಶ್ನೆ: ನಾವು ಕೊಂಕಣಿ ಮನೆಮಾತಿನ ಕ್ಯಾಥೊಲಿಕರು. ಮಗ ನಾಲ್ಕು ತಿಂಗಳಿಂದ ಬೇರೊಂದು ಪ್ರಾರ್ಥನಾ ಕೂಟಕ್ಕೆ ಹೋಗುತ್ತಿದ್ದಾನೆ. ‘ಕೂಸಾಗಿದ್ದಾಗ ತಲೆಗೆ ನೀರು ಹಾಕಿದ್ದು ದೀಕ್ಷಾಸ್ನಾನವೇ ಅಲ್ಲ, ಈ ತಿಂಗಳೇ ಕಾಳಿ ಹೊಳೆಯಲ್ಲಿ ಮುಳುಗಿ ಏಳಬೇಕು’ ಎಂದು ಅಲ್ಲಿಯ ಪಾಸ್ಟರ್ ಹೇಳುತ್ತಾರಂತೆ. ನಮ್ಮ ಫಾದರ್ ‘ಎರಡನೇ ಸಲ ಎಂಬುದೇ ಇಲ್ಲ’ ಎನ್ನುತ್ತಾರೆ. ಇಬ್ಬರೂ ಬೈಬಲ್ಲನ್ನೇ ತೋರಿಸುತ್ತಾರೆ. ಯಾರ ಮಾತು ಸತ್ಯ?
— ಹೆಸರು ಬೇಡ, ಕಾರವಾರ

ಉತ್ತರ: ‘ಯಾರ ಮಾತು’ ಎಂಬುದನ್ನು ಸ್ವಲ್ಪ ಬದಿಗಿಡಿ. ಜಗಳದ ವಿಷಯವನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ: ‘ಶಿಶುವಿಗೆ ಕೊಟ್ಟ ದೀಕ್ಷಾಸ್ನಾನ ಸಾಕೇ, ಸಾಲದೇ?’ ಇದು ತ್ರೈಕ್ಯದೇವರ (ತಂದೆ, ಮಗ, ಪವಿತ್ರಾತ್ಮ ಒಬ್ಬನೇ ದೇವರು ಎಂಬುದರ) ಬಗೆಗಿನ ಪ್ರಶ್ನೆಯಲ್ಲ, ಯೇಸುವಿನ ಮರಣ ಪುನರುತ್ಥಾನದ ಪ್ರಶ್ನೆಯೂ ಅಲ್ಲ. ಅವು ಕ್ರಿ.ಶ. 325ರ ನೈಸಿಯಾ, 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಗಳಲ್ಲಿ ನಿಂತ ವಿಶ್ವಾಸ ಪ್ರಮಾಣದ ವಿಷಯಗಳು. ಅಲ್ಲಿ ವ್ಯತ್ಯಾಸ ಬಂದರೆ ಗಾಬರಿಯಾಗಬೇಕಾದ್ದೇ. ಸ್ತ್ರೀಯರು ತಲೆಗೆ ಮುಸುಕು ಹಾಕಬೇಕೇ, ಶುಕ್ರವಾರ ಮಾಂಸ ತಿನ್ನಬಹುದೇ ಎಂಬಂಥ ಪದ್ಧತಿಯ ಮಾತೂ ಇದಲ್ಲ. ನಿಮ್ಮ ಮನೆಗೆ ಬಂದದ್ದು ಇವೆರಡರ ನಡುವಿನ ಪ್ರಶ್ನೆ. ಪ್ರಾಮಾಣಿಕ ಕ್ರೈಸ್ತರೇ ಶತಮಾನಗಳಿಂದ ಎರಡು ಕಡೆ ನಿಂತಿರುವಂಥದ್ದು.

ಈಗ ಅವರು ತೋರಿಸಿದ ವಾಕ್ಯ ತೆಗೆದು, ಅದರ ಹಿಂದಿನ ಹತ್ತು, ಮುಂದಿನ ಹತ್ತು ವಾಕ್ಯ ಓದಿ. ಯಾರು, ಯಾರಿಗೆ, ಯಾವಾಗ ಹೇಳಿದ್ದು ಎಂದು ಪಕ್ಕದಲ್ಲಿ ಬರೆಯಿರಿ. ಪಾಸ್ಟರು ತೋರಿಸುವುದು ಹೆಚ್ಚಾಗಿ ಮಾರ್ಕ 16:16, ‘ನಂಬಿ ದೀಕ್ಷಾಸ್ನಾನ ಪಡೆಯುವವನು’. ಮೊದಲು ನಂಬಿಕೆ, ಆಮೇಲೆ ನೀರು, ಕೂಸು ನಂಬೀತೇ? ವಾದ ಗಟ್ಟಿಯೇ. ಆದರೆ 15ನೇ ವಾಕ್ಯ ಓದಿ: ಲೋಕದ ಎಲ್ಲ ಕಡೆಗೂ ಹೋಗಿ ಸಾರಿರಿ ಎಂಬ ಆಜ್ಞೆ ಅದು. ಮೊದಲ ಸಲ ಸುವಾರ್ತೆ ಕೇಳುವ ದೊಡ್ಡವರು ಅಲ್ಲಿಯ ಕೇಳುಗರು. ನಂಬಿದವರ ಮನೆಯಲ್ಲಿ ಹುಟ್ಟಿದ ಕೂಸಿನ ಬಗ್ಗೆ ಅಲ್ಲಿ ಒಂದಕ್ಷರವೂ ಇಲ್ಲ. ಇನ್ನೊಂದು ಮಾತು: ನಾಲ್ಕನೇ ಶತಮಾನದ ಎರಡು ಕೈಬರಹದ ಪ್ರತಿಗಳಲ್ಲಿ, ಅಂದರೆ ಸಿನಾಯ್ಟಿಕಸ್ ಮತ್ತು ವ್ಯಾಟಿಕನಸ್‌ನಲ್ಲಿ, ಮಾರ್ಕ 16ನೇ ಅಧ್ಯಾಯ 8ನೇ ವಾಕ್ಯಕ್ಕೇ ನಿಲ್ಲುತ್ತದೆ. ಪಾಸ್ಟರು ತೋರಿಸುವ 16ನೇ ವಾಕ್ಯ ಅವುಗಳಲ್ಲಿಲ್ಲ. ಆ ಒಂದೇ ವಾಕ್ಯದ ಮೇಲೆ ಇಡೀ ಮನೆ ಕಟ್ಟುವುದು ಜಾಣತನವಲ್ಲ.

ಫಾದರ್ ಕಡೆಯವರು ತೋರಿಸುವುದು ಅಪೊಸ್ತಲರ ಕೃತ್ಯಗಳು 16:33. ಫಿಲಿಪ್ಪಿಯ ಸೆರೆಮನೆಯ ಅಧಿಕಾರಿ ರಾತ್ರೋರಾತ್ರಿ ಮನೆಮಂದಿಯ ಸಮೇತ ದೀಕ್ಷಾಸ್ನಾನ ಪಡೆದ. ಮನೆಮಂದಿ ಅಂದರೆ ಮಕ್ಕಳೂ ಸೇರಿದರು ಎನ್ನುತ್ತಾರೆ. ಸೇರಿರಬಹುದು. ಆದರೆ 32ನೇ ವಾಕ್ಯದಲ್ಲಿ, ಅಲ್ಲಿ ಸೆರೆಯಲ್ಲಿದ್ದ ಅಪೊಸ್ತಲ ಪೌಲ ಆ ಮನೆಯವರಿಗೆಲ್ಲ ದೇವರ ವಾಕ್ಯ ಹೇಳಿದ ಎಂದಿದೆ. ಅಲ್ಲಿ ತೊಟ್ಟಿಲಿತ್ತೆಂದು ಎಲ್ಲೂ ಬರೆದಿಲ್ಲ.

ಹೀಗೆ ಎರಡೂ ಕಡೆಯವರು ವಾಕ್ಯ ಮೌನವಾಗುವ ಜಾಗವನ್ನು ತಮ್ಮ ಸಭೆಯ ತಿಳಿವಳಿಕೆಯಿಂದ ತುಂಬುತ್ತಾರೆ. ತುಂಬುವುದು ತಪ್ಪಲ್ಲ, ತುಂಬಿದ್ದನ್ನು ಮುಚ್ಚಿಡುವುದು ತಪ್ಪು. ‘ಬೈಬಲ್ ಹೇಳುವುದು ಇಷ್ಟು, ಮುಂದಿನದು ನಮ್ಮ ಸಭೆಯ ಬೋಧನೆ’ ಎಂದು ಬಾಯಿಬಿಟ್ಟು ಹೇಳಬಲ್ಲ ಬೋಧಕರ ಮಾತಿಗೆ ನಾವು ಹೆಚ್ಚು ತೂಕ ಕೊಡುತ್ತೇವೆ. ಇಬ್ಬರನ್ನೂ ಕೇಳಿ ನೋಡಿ.

ಈ ತಕರಾರು ಹೊಸದೇನಲ್ಲ. ಸುಮಾರು ಕ್ರಿ.ಶ. 200ರ ಹೊತ್ತಿಗೆ ಉತ್ತರ ಆಫ್ರಿಕಾದ ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲಿಯನ್ ‘ಎಳೆಯ ಮಕ್ಕಳಿಗೆ ಅವಸರ ಬೇಡ’ ಎಂದು ವಾದಿಸಿದ್ದ. ಅಂದರೆ ಆಗಲೇ ಆ ಪದ್ಧತಿಯೂ ಇತ್ತು, ಆಕ್ಷೇಪವೂ ಇತ್ತು. ಕ್ಯಾಥೊಲಿಕ್ ಧರ್ಮಸಭೆಯ ನಿಲುವು ಸ್ಪಷ್ಟ: ನೀರಿನಿಂದ, ತಂದೆ, ಮಗ, ಪವಿತ್ರಾತ್ಮರ ಹೆಸರಿನಲ್ಲಿ ಸರಿಯಾಗಿ ಕೊಟ್ಟದ್ದು ಒಮ್ಮೆಗೇ ಸಲ್ಲುತ್ತದೆ, ಅದನ್ನು ಮತ್ತೆ ಕೊಡುವಂತಿಲ್ಲ. ಆದ್ದರಿಂದ ನಿಮ್ಮ ಮಗ ಹೊಳೆಗಿಳಿದರೆ ಬರೀ ನೀರಲ್ಲಿ ಮುಳುಗಿದಂತಲ್ಲ, ಮೊದಲಿನದು ಸುಳ್ಳೆಂದು ಸಾರಿದಂತೆ. ಇದು ಅವನಿಗೆ ಗೊತ್ತಿರಲಿ.

ನಮಗೆ ಹೆಚ್ಚು ಚಿಂತೆಗೆ ಕಾರಣವಾದದ್ದು ‘ಈ ತಿಂಗಳೇ’ ಎಂಬ ಮಾತು. ಮಗ ಅವರನ್ನು ಹೀಗೆ ಕೇಳಲಿ: ‘ಒಂದು ವರ್ಷ ಓದಿ ಆಮೇಲೆ ನಿರ್ಧರಿಸುತ್ತೇನೆ. ಅಲ್ಲಿಯವರೆಗೂ ನನ್ನನ್ನು ಹೀಗೇ ಪ್ರೀತಿಯಿಂದ ಕಾಣುತ್ತೀರಾ?’ ಉತ್ತರಕ್ಕಿಂತ ಉತ್ತರ ಕೊಡುವಾಗಿನ ಮುಖ ನೋಡಬೇಕು. ಮನಸ್ಸು ಕದಡಿ ಬರಡಾದಾಗ ಹಿಂದಿನ ನಿರ್ಧಾರ ಬದಲಿಸಬೇಡ ಎಂಬುದು ಯೇಸುಸಭೆ ಕಟ್ಟಿದ ಸಂತ, ಲೊಯೋಲಾದ ಇಗ್ನೇಷಿಯಸ್ ಹಾಕಿಕೊಟ್ಟ ನಿಯಮ. ಆಷಾಢದ ಕಡಲಿಗೆ ದೋಣಿ ಇಳಿಸದ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀವೂ ಅಷ್ಟೇ, ಮಗನ ಮೇಲೆ ರೇಗಿ ಅವನನ್ನು ಅತ್ತ ತಳ್ಳಬೇಡಿ.

ಪ್ರಶ್ನೆ: ‘ನಂಬಿಕೆ ಇದ್ದರೆ ಬಿಪಿ ಮಾತ್ರೆ ಯಾಕೆ?’ ಎಂದು ಪ್ರಾರ್ಥನೆಗೆ ಬಂದವರು ಅಮ್ಮನಿಗೆ ಹೇಳಿ ಹೋದರು. ಅವರು ತೋರಿಸಿದ್ದು ಯಾಕೋಬ 5:14.
— ಓದುಗರೊಬ್ಬರು, ಅಂಕೋಲಾ

ಉತ್ತರ: ಆ ವಾಕ್ಯದಲ್ಲಿರುವುದು ಹಿರಿಯರನ್ನು ಕರೆಸಿ, ಎಣ್ಣೆ ಹಚ್ಚಿಸಿ, ಪ್ರಾರ್ಥನೆ ಮಾಡಿಸಿ ಎಂಬುದು. ಔಷಧ ಬಿಡಿ ಎಂದಿಲ್ಲ. ಪೌಲ ತನ್ನ ಶಿಷ್ಯ ತಿಮೊಥೆಯನ ಹೊಟ್ಟೆನೋವಿಗೆ ಸ್ವಲ್ಪ ದ್ರಾಕ್ಷಾರಸ ಹೇಳಿದ (1 ತಿಮೊಥೆ 5:23). ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟು ಬಂದ (2 ತಿಮೊಥೆ 4:20). ಪೌಲನಿಗೆ ನಂಬಿಕೆ ಕಡಿಮೆಯಿತ್ತೇ? ಬಿಪಿಯ ಕೆಲವು ಮಾತ್ರೆಗಳನ್ನು ಒಮ್ಮೆಲೇ ನಿಲ್ಲಿಸಿದರೆ ಒತ್ತಡ ಮೊದಲಿಗಿಂತ ಮೇಲೇರುತ್ತದೆ. ಅಮ್ಮ ಈಗಾಗಲೇ ಬಿಟ್ಟಿದ್ದರೆ ಇವತ್ತೇ ಡಾಕ್ಟರಿಗೆ ತೋರಿಸಿ. ಪ್ರಾರ್ಥನೆ ಡಾಕ್ಟರ ಕೋಣೆಯ ಹೊರಗೂ ನಡೆಯುತ್ತದೆ.

ಪ್ರಶ್ನೆ: ನಮ್ಮ ಬೈಬಲ್ಲಿನಲ್ಲಿ ಇಲ್ಲದ ಪುಸ್ತಕಗಳು ಗೆಳತಿಯ ಬೈಬಲ್ಲಿನಲ್ಲಿವೆ. ಯಾವುದು ಅಸಲಿ?
— ವಿದ್ಯಾರ್ಥಿನಿ, ಶಿರಸಿ

ಉತ್ತರ: ನಿಮ್ಮದು ಪ್ರೊಟೆಸ್ಟಂಟರ 66 ಪುಸ್ತಕಗಳ ಸತ್ಯವೇದ ಇರಬೇಕು, ಗೆಳತಿಯದು ಕ್ಯಾಥೊಲಿಕರ 73ರದ್ದು. ಹೊಸ ಒಡಂಬಡಿಕೆಯ 27 ಎರಡರಲ್ಲೂ ಒಂದೇ. ಹಳೆಯದರಲ್ಲಿ ತೊಬೀತ, ಯೂದಿತ, ಜ್ಞಾನಗ್ರಂಥ, ಸಿರಾಖ, ಬಾರೂಕ, ಮಕ್ಕಬಿಯರ ಎರಡು ಪುಸ್ತಕ ಹೆಚ್ಚು. ಎಸ್ತೇರ್, ದಾನಿಯೇಲ ಸ್ವಲ್ಪ ಉದ್ದ. ಹೆಸರುಗಳೂ ಬೇರೆಯಾಗುತ್ತವೆ: ನಿಮ್ಮ ‘ಅಪೊಸ್ತಲರ ಕೃತ್ಯಗಳು’ ಅವರಲ್ಲಿ ‘ಪ್ರೇಷಿತರ ಕಾರ್ಯಕಲಾಪಗಳು’, ನಿಮ್ಮ ‘ಸುವಾರ್ತೆ’ ಅವರ ‘ಶುಭಸಂದೇಶ’. ಒಟ್ಟಿಗೆ ಕೂತು ಓದುವಾಗ ಪುಟಸಂಖ್ಯೆ ಹೇಳಬೇಡಿ, ಅಧ್ಯಾಯ ಮತ್ತು ವಾಕ್ಯ ಹೇಳಿ.