ಸ್ಯಾಂಪಲ್ ಚೀಲ ಹೊತ್ತವರಿಗೆ ಮೇಲೆ ದಾರಿ ಇದೆಯಾ?

ಲಂಡನ್‌ನಲ್ಲಿ ಆಹಾರ ಸಾಮಗ್ರಿ ಸೇಲ್ಸ್‌ಗೆ ಸೇರಿ ಎಂಟು ತಿಂಗಳಾಯಿತು, ಸ್ಯಾಂಪಲ್ ಹೊತ್ತು ರೆಸ್ಟೋರೆಂಟ್ ಸುತ್ತೋದೇ ಆಯಿತು, ಇದರಲ್ಲಿ ಮೇಲೆ ಬರೋಕಾಗುತ್ತಾ ಅಂತ ಕೇಳಿದ್ದೀರಿ. ಆಗುತ್ತೆ. ಆದರೆ ಆ ಸುತ್ತಾಟವೇ ಬಂಡವಾಳ.

ಕೋಬ್ರಾ ಬಿಯರ್ ಕಂಪನಿ ಕಟ್ಟಿದ ಕರಣ್ ಬಿಲಿಮೋರಿಯಾ ಗೊತ್ತಲ್ವಾ? ಹೈದರಾಬಾದ್‌ನಲ್ಲಿ ಹುಟ್ಟಿ ಇಂಗ್ಲೆಂಡ್‌ಗೆ ಹೋದವರು. ಲೆಕ್ಕಪರಿಶೋಧನೆ ಕಲಿತು, ಕೇಂಬ್ರಿಡ್ಜ್‌ನಲ್ಲಿ ಕಾನೂನು ಓದಿ, ಕೊನೆಗೆ ಮಾಡಿದ್ದೇನು? 20,000 ಪೌಂಡ್ ಸಾಲ ತಲೆ ಮೇಲಿಟ್ಟುಕೊಂಡು, ಲಟಾರಿ ಸಿಟ್ರೋಯೆನ್ ಕಾರಿನಲ್ಲಿ ಪೆಟ್ಟಿಗೆ ಹೇರಿ, ಒಂದೊಂದೇ ಇಂಡಿಯನ್ ರೆಸ್ಟೋರೆಂಟ್ ಬಾಗಿಲು ತಟ್ಟಿದ್ದು. ಆ ಬಿಯರ್ ಮೊದಲು ತಯಾರಾಗಿದ್ದು 1990ರಲ್ಲಿ, ನಮ್ಮ ಬೆಂಗಳೂರಿನ ಮೈಸೂರು ಬ್ರೂವರೀಸ್‌ನಲ್ಲಿ! ಅವರ ಮಾತು ಸರಳ: ಗ್ಯಾಸ್ ಕಡಿಮೆ, ಹೊಟ್ಟೆ ಉಬ್ಬಲ್ಲ, ಗಿರಾಕಿ ಊಟ ಜಾಸ್ತಿ ಮಾಡುತ್ತಾನೆ. ನೋಡಿ, ಬಿಯರ್ ಹೊಗಳಲಿಲ್ಲ, ಮಾಲೀಕನ ಗಲ್ಲಾಪೆಟ್ಟಿಗೆ ಬಗ್ಗೆ ಮಾತಾಡಿದರು. 2006ರಲ್ಲಿ ಬ್ರಿಟನ್ ಸಂಸತ್ತಿನ ಮೇಲ್ಮನೆ ಹೌಸ್ ಆಫ್ ಲಾರ್ಡ್ಸ್‌ಗೆ ಸದಸ್ಯರಾಗಿ ಹೋದರು. 2009ರಲ್ಲಿ ಕಂಪನಿ ಮುಗ್ಗರಿಸಿತ್ತು, ಅದೂ ನಿಜ.

ನಾನು ಶುರುವಿನಲ್ಲಿ ಶುಕ್ರವಾರ ಮಧ್ಯಾಹ್ನ ಒಂದು ಗಂಟೆಗೆ ಮಸಾಲೆ ಪುಡಿ ಹಿಡಿದು ಅಡುಗೆಮನೆಗೆ ನುಗ್ಗಿದ್ದೆ. ಬಾಣಸಿಗ ಸೌಟಿನಿಂದಲೇ ಬಾಗಿಲು ತೋರಿಸಿದ. ಪೊಟ್ಟಣ ಒದ್ದೆ ಕಟ್ಟೆ ಮೇಲೆ ನೆನೆದು ಮುದ್ದೆಯಾಯಿತು. ಆಮೇಲೆ ಮೂರೂವರೆಗೆ, ಪಾತ್ರೆ ತೊಳೆದು ಟೀ ಕುಡಿಯೋ ಹೊತ್ತಿಗೆ ಹೋಗಲು ಕಲಿತೆ.

ಒಂದು ಪುಸ್ತಕ ಇಟ್ಟುಕೊಳ್ಳಿ. ಯಾರು ಏನು ಮತ್ತೆ ತರಿಸಿದರು, ಯಾರು ಯಾಕೆ ನಿಲ್ಲಿಸಿದರು, ಬರೆಯಿರಿ. ದೊಡ್ಡ ಗಿರಾಕಿಗಳನ್ನು ನೋಡಿಕೊಳ್ಳುವ ಹುದ್ದೆಗೆ ಇಂಟರ್‌ವ್ಯೂ ಬಂದಾಗ ಅದನ್ನೇ ಮೇಜಿನ ಮೇಲಿಡಿ. ಇಂಗ್ಲಿಷ್ ಉಚ್ಚಾರಣೆ ಬಗ್ಗೆ ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.