ದ್ರಾಕ್ಷಿಯ ಜಿಎ ಅಶ್ವಗಂಧಕ್ಕೆ ಒಗ್ಗೀತೇ?

ವಿಜಯಪುರ ಜಿಲ್ಲೆಯ ತಿಕೋಟಾ ತಾಲ್ಲೂಕಿನ ದ್ರಾಕ್ಷಿ ಬೆಳೆಗಾರರೊಬ್ಬರು ಪತ್ರ ಬರೆದಿದ್ದಾರೆ. ಅಕ್ಟೋಬರ್ ಚಾಟ್ನಿಯ (ಬಳ್ಳಿ ಸವರುವಿಕೆಯ) ನಂತರ ಗೊನೆಗಳನ್ನು ಜಿಎ, ಅಂದರೆ ಜಿಬ್ಬರೆಲಿಕ್ ಆಮ್ಲದ ದ್ರಾವಣದಲ್ಲಿ ಅದ್ದಿ ಕಾಯಿ ದಪ್ಪ ಮಾಡಿಕೊಳ್ಳುವಂತೆ, ಹೊಸದಾಗಿ ಹಾಕಿರುವ ಅಶ್ವಗಂಧಕ್ಕೂ ಅದನ್ನು ಸಿಂಪಡಿಸಿದರೆ ಬೇರಿನಲ್ಲಿ ಔಷಧಸತ್ವ ಹೆಚ್ಚೀತೇ, ಹಾರ್ಮೋನು ತಯಾರಿಸುವ ಜೀನ್‌ಗಳನ್ನೇ ತಿದ್ದಿ ಹೊಸ ತಳಿ ಮಾಡಬಾರದೇ ಎಂಬುದು ಅವರ ಪ್ರಶ್ನೆ.

ಮಾನ್ಯರೇ, ಸತ್ವ ಹೆಚ್ಚಿಸುವ ಉದ್ದೇಶದಿಂದ ಜಿಎ ಸಿಂಪಡಿಸಬೇಡಿ ಎಂಬುದೇ ನಮ್ಮ ಸಲಹೆ. ದ್ರಾಕ್ಷಿಯಲ್ಲಿ ನಿಮಗೆ ಬೇಕಾದುದು ಕಾಯಿಯ ಗಾತ್ರ. ಜಿಎ ಸೇರಿರುವ ಜಿಬ್ಬರೆಲಿನ್ ಬಳಗ ಕೋಶಗಳನ್ನು ಹಿಗ್ಗಿಸುವ ಹಾರ್ಮೋನಾದುದರಿಂದ ಅಲ್ಲಿ ಅದರ ಕೆಲಸವೂ ನಿಮ್ಮ ಬಯಕೆಯೂ ಒಂದೇ. ಅಶ್ವಗಂಧದಲ್ಲಿ ನೀವು ಬಯಸುವುದು ವಿಥನೊಲೈಡ್‌ಗಳೆಂಬ ಔಷಧಸತ್ವಗಳನ್ನು. ಅವು ಹಾರ್ಮೋನುಗಳಲ್ಲ, ಅವುಗಳನ್ನು ತಯಾರಿಸುವ ಜೀನ್‌ಗಳೂ ಬೇರೆ.

ಬೇರೆ ಎಂದರೂ ನಂಟಿಲ್ಲದವುಗಳಲ್ಲ, ಈ ವಿಷಯದ ಸ್ವಾರಸ್ಯವಿರುವುದೇ ಇಲ್ಲಿ. ಗಿಡವು ಐದು ಇಂಗಾಲದ ಸಣ್ಣ ತುಣುಕುಗಳನ್ನು ಜೋಡಿಸುತ್ತ ಹೋಗುತ್ತದೆ. ನಾಲ್ಕು ಕೂಡಿದ ಸರಪಳಿಯಿಂದ ಜಿಬ್ಬರೆಲಿನ್‌ನ ದಾರಿ ತೊಡಗಿದರೆ, ಆರು ಕೂಡಿದ ಸ್ಕ್ವಾಲೀನ್‌ನಿಂದ ಸ್ಟೆರಾಲ್‌ಗಳ ದಾರಿ ತೊಡಗುತ್ತದೆ. ಸ್ಟೆರಾಲ್‌ಗಳ ದಾರಿಯಲ್ಲಿ ೨೪-ಮೆಥಿಲೀನ್ ಕೊಲೆಸ್ಟೆರಾಲ್ ಎಂಬ ವಸ್ತುವಿನ ಬಳಿ ಒಂದು ಕವಲು ಬರುತ್ತದೆ. ಡಿಡಬ್ಲ್ಯುಎಫ್1 ಎಂಬ ಜೀನ್‌ನ ಕಿಣ್ವ ಅದನ್ನು ಕ್ಯಾಂಪೆಸ್ಟೆರಾಲ್ ಆಗಿ ಮಾರ್ಪಡಿಸಿದರೆ, ಮುಂದೆ ಬ್ರಾಸಿನೊಸ್ಟೀರಾಯ್ಡ್ ಹಾರ್ಮೋನು ಸಿದ್ಧವಾಗುತ್ತದೆ. ಈ ಜೀನ್ ಕೆಟ್ಟ ಗಿಡ ಕುಳ್ಳಾಗಿಯೇ ಉಳಿಯುತ್ತದೆ. ಅದೇ ವಸ್ತುವನ್ನು 24ಐಎಸ್ಒ ಎಂಬ ಇನ್ನೊಂದು ಜೀನ್‌ನ ಕಿಣ್ವ ತಿರುಗಿಸಿಕೊಂಡರೆ ವಿಥನೊಲೈಡ್‌ನ ಹಾದಿ ತೆರೆಯುತ್ತದೆ. 2018ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಈ ಎರಡನೆಯ ಜೀನ್ ಮೊದಲನೆಯದರ ಬಳಗಕ್ಕೇ ಸೇರಿದ್ದೆಂದು ತೋರಿಸಿತು. ಅಂದರೆ ಬೆಳವಣಿಗೆಯ ಹಾರ್ಮೋನಿಗಾಗಿ ಇದ್ದ ಜೀನ್‌ನ ಒಂದು ನಕಲು ಕಾಲಾಂತರದಲ್ಲಿ ಕಸುಬು ಬದಲಿಸಿ ಔಷಧದ ಕಡೆಗೆ ಹೊರಳಿದೆ.

ಇನ್ನು ವಿಥನೊಲೈಡ್‌ನಂಥ ವಸ್ತುಗಳನ್ನು ಗಿಡ ಯಾವಾಗ ಹೆಚ್ಚು ತಯಾರಿಸುತ್ತದೆ? ನಮ್ಮ ಕಾಯಿಲೆಗೆಂದು ಖಂಡಿತ ಅಲ್ಲ. ಹುಳು ಕಡಿದಾಗ, ಗಾಯವಾದಾಗ ತನ್ನ ರಕ್ಷಣೆಗೆ. ಆಗ ಲಿನೊಲೆನಿಕ್ ಎಂಬ ಕೊಬ್ಬಿನಾಮ್ಲದಿಂದ ಜಾಸ್ಮೋನಿಕ್ ಆಮ್ಲವೆಂಬ ರಕ್ಷಣಾ ಹಾರ್ಮೋನು (ಜಾಸ್ಮೋನೇಟ್) ಹುಟ್ಟುತ್ತದೆ. ಲಾಕ್ಸ್, ಎಒಎಸ್, ಎಒಸಿ, ಒಪಿಆರ್ ಎಂದು ಕರೆಯುವ ಜೀನ್‌ಗಳು ಇದಕ್ಕೆ ಬೇಕಾದ ಕಿಣ್ವಗಳನ್ನು ಕೊಡುತ್ತವೆ. ಕಾಶಿ ಕಣಗಿಲೆಯಲ್ಲಿ ಜಾಸ್ಮೋನೇಟ್‌ನ ಸೂಚನೆಗೆ ಓಗೊಟ್ಟು ಆಲ್ಕಲಾಯ್ಡ್ ತಯಾರಿಸುವ ಹಲವು ಜೀನ್‌ಗಳನ್ನು ಒಟ್ಟಿಗೆ ಎಬ್ಬಿಸುವ ಒರ್ಕಾ3 ಎಂಬ ನಿಯಂತ್ರಕ 2000ದಲ್ಲೇ ವರದಿಯಾಗಿತ್ತು. ಪ್ರಯೋಗಾಲಯದಲ್ಲಿ ಬೆಳೆಸಿದ ಅಶ್ವಗಂಧದ ಅಂಗಾಂಶಕ್ಕೆ ಮಿಥೈಲ್ ಜಾಸ್ಮೋನೇಟ್ ಕೊಟ್ಟಾಗಲೂ ವಿಥನೊಲೈಡ್ ಏರಿದೆ. ಆದರೆ ಜಾಸ್ಮೋನೇಟ್ ಹೆಚ್ಚಾದರೆ ಬೆಳವಣಿಗೆ ಕುಗ್ಗುತ್ತದೆ. ಸತ್ವ ಏರಿ ಬೇರಿನ ತೂಕ ಇಳಿದರೆ ತೂಕದ ಲೆಕ್ಕದಲ್ಲಿ ಮಾರುವ ರೈತನಿಗೆ ಏನು ಬಂತು?

ಜಿಬ್ಬರೆಲಿನ್‌ನದು ಇದಕ್ಕೆ ಎದುರಾದ ಸ್ವಭಾವ. ಅದು ಡೆಲ್ಲಾ ಎಂಬ ತಡೆಪ್ರೋಟೀನುಗಳನ್ನು ಕರಗಿಸಿ ಬೆಳವಣಿಗೆಗೆ ದಾರಿ ಬಿಡುತ್ತದೆ. ಆದರೆ ಜಾಸ್ಮೋನೇಟ್‌ನ ಕೆಲಸಕ್ಕೆ ಬಲ ಕೊಡುವವೂ ಅವೇ ಡೆಲ್ಲಾಗಳು; ಹಾಗಾಗಿ ಜಿಎ ಸಿಂಪಡಿಸಿದರೆ ಸತ್ವ ತಯಾರಿಸುವ ಸೂಚನೆ ಸಡಿಲಗೊಳ್ಳಬಹುದು. ಇದನ್ನೇ ಎಲ್ಲ ಮೂಲಿಕೆಗಳಿಗೂ ನಿಯಮವೆಂದು ಹಿಡಿಯುವಂತಿಲ್ಲ, ಏಕೆಂದರೆ ಮಲೇರಿಯಾ ಔಷಧ ಕೊಡುವ ಆರ್ಟೆಮಿಸಿಯಾದಲ್ಲಿ ಜಿಎಯಿಂದಲೂ ಆರ್ಟೆಮಿಸಿನಿನ್ ಹೆಚ್ಚಿದ ವರದಿಗಳಿವೆ. ಅಶ್ವಗಂಧದಲ್ಲಿ ಜಿಎಗೆ ನಾವು ಒಪ್ಪುವ ಒಂದು ಬಳಕೆ ಬೀಜೋಪಚಾರ: ಮೊಳಕೆ ಕಡಿಮೆ ಬರುವ ಬೀಜವನ್ನು ತೆಳು ದ್ರಾವಣದಲ್ಲಿ ನೆನೆಸಿ ಬಿತ್ತಬಹುದು.

ಜೀನ್ ತಿದ್ದುವ ಮಾತು ಸದ್ಯಕ್ಕೆ ನಿಮ್ಮ ಹೊಲದ ಮಾತಲ್ಲ. ಪ್ರಯೋಗಾಲಯಗಳಲ್ಲಿ ಅಗ್ರೊಬ್ಯಾಕ್ಟೀರಿಯಂ ರೈಜೋಜೀನ್ಸ್ ಎಂಬ ಬ್ಯಾಕ್ಟೀರಿಯದ ರೋಲ್ ಜೀನ್‌ಗಳನ್ನು ಸೇರಿಸಿ, ಎಲೆಯ ತುಂಡಿನಿಂದಲೇ ಕೂದಲಿನಂಥ ಬೇರುಗಳನ್ನು ಬೆಳೆಸುತ್ತಾರೆ; ಅದು ಜಾಡಿಯೊಳಗಿನ ಬೇಸಾಯ.

ಇಷ್ಟಾದರೂ ಸಿಂಪಡಿಸಿ ನೋಡಲೇಬೇಕೆಂದರೆ ಒಂದೆರಡು ಸಾಲಿಗೆ ಮಾತ್ರ ಸಿಂಪಡಿಸಿ. ಎಲೆ ಹಳದಿಯಾಗಿ ಹಣ್ಣು ಕೆಂಪಾದ ಮೇಲೆ ಸಿಂಪಡಿಸಿದ, ಸಿಂಪಡಿಸದ ಎರಡೂ ಕಡೆಯ ಬೇರುಗಳನ್ನು ಒಂದೇ ದಿನ ಕಿತ್ತು, ತೊಳೆದು, ಬೇರೆ ಬೇರೆಯಾಗಿ ಒಣಗಿಸಿ ತೂಗಿರಿ. ಆಮೇಲೆ ಎರಡರ ಮಾದರಿಯನ್ನೂ, ಸತ್ವದ ಪ್ರಮಾಣ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆ ಮಾಡಿಸಿರಿ. ಎಲ್ಲಿ ಮಾಡಿಸಬೇಕೆಂಬುದನ್ನು ಬಾಗಲಕೋಟೆಯ ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದಲ್ಲಿ ವಿಚಾರಿಸಬಹುದು. ಮಾದರಿಯಲ್ಲಿ ಎಲೆ, ಕಾಂಡದ ಚೂರು ಬೆರೆಯದಿರಲಿ. ವಿಥಾಫೆರಿನ್-ಎ ಎಂಬ ವಿಥನೊಲೈಡ್ ಎಲೆಯಲ್ಲೇ ಹೆಚ್ಚಿರುವುದರಿಂದ ಫಲಿತಾಂಶ ದಾರಿ ತಪ್ಪಿಸುತ್ತದೆ.

— ಸಂಪಾದಕ